ನಡುವಿನ ಪೊರೆ

ಪರದೆಯ ಮೇಲಿದ್ದ ತೆಳುಗೆರೆ ನೀಲಾಂಬಿಕಾಳ ಕಣ್ಣೆದುರಿಗೇ ಕರಗಿಹೋಯಿತು. ಅವಳು ಪ್ರೋಗ್ರಾಮನ್ನು ಮೊದಲಿಂದ ಓಡಿಸಿದಳು. ಗೆರೆ ಮತ್ತೆ ಕಂಡಿತು, ಮತ್ತೆ ಕರಗಿತು.

ಅದು ಹೊಟ್ಟೆಯಲ್ಲಿರುವ ಅವಳಿ ಮಕ್ಕಳ ಸ್ಕ್ಯಾನ್. ವೈಟ್‌ಫೀಲ್ಡಿನ ಅವಳ ಆಫೀಸಿನಲ್ಲೇ ಬರೆದ ಆ ಪ್ರೋಗ್ರಾಮು ಬೂದುಬಣ್ಣವನ್ನು ಸುತ್ತಲೂ ಹರಡುತ್ತ ಚುಕ್ಕೆಗಳನ್ನು ಅಳಿಸುತ್ತಿತ್ತು. ಅಂಚು ಸಿಕ್ಕಲ್ಲಿ ನಿಂತು ಚಿತ್ರವನ್ನು ಭಾಗ ಮಾಡುತ್ತಿತ್ತು. ಎರಡೂ ಮಕ್ಕಳು ಒಂದೇ ಚೀಲದಲ್ಲಿವೆ ಎಂದಿತ್ತು ಅದು. ಹಾಗಿದ್ದರೆ ಹೊಕ್ಕುಳಬಳ್ಳಿಗಳು ಸಿಕ್ಕಿಕೊಳ್ಳುವ ಭಯ. ಆ ಮಕ್ಕಳ ತಾಯಿ ಶಿವಗಂಗಾ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು.

“ಅದೂ ಆ ಚುಕ್ಕೆಗಳ ಥರ ನಾಯ್ಸೇ ಇರ್ಬೇಕು ಕಣೇ,” ಎಂದ ಪಕ್ಕದ ಭಾನುಪ್ರಕಾಶ್.

“ಇರ್ಬೋದು. ಆದ್ರೆ ಈ ಕಡೆಯಿಂದ ಆ ಕಡೆವರೆಗೂ ಯಾಕಿದೆ?”

ಇನ್ನೂ ಮಸುಕಾದ ಅಂಚು ಸಿಕ್ಕರೂ ಬಣ್ಣ ನಿಲ್ಲುವಂತೆ ಅವಳು ಮಿತಿಯನ್ನು ಇಳಿಸಿದಳು. ಈ ಸಲ ಚುಕ್ಕೆಗಳು ಹೋದವು, ಗೆರೆ ಉಳಿಯಿತು. ಕೂಡಲೇ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು. “ಮೇಡಂ, ಮಧ್ಯೆ ಪೊರೆ ಇರೋ ಹಾಗಿದೆ. ಇನ್ನೊಂದ್ಸಲ ನೋಡ್ತೀರಾ?”

ಡಾಕ್ಟರು ಫೋನ್ ಕಟ್ ಮಾಡದೆ ಪಕ್ಕಕ್ಕಿಟ್ಟು, ಶಿವಗಂಗಾಳನ್ನು ಮತ್ತೆ ಸ್ಕ್ಯಾನಿಗೆ ಮಲಗಿಸಿದರು. ಆಮೇಲೆ ಡಾಕ್ಟರ ದನಿ ಕೇಳಿಸಿತು, ಆದರೆ ಅವರು ಮಾತಾಡುತ್ತಿದ್ದುದು ಶಿವಗಂಗಾಳ ಜೊತೆ. “ಪೊರೆ ಇದೆ ಕಣಮ್ಮ. ಎರಡೂ ಬೇರೆ ಬೇರೆ ಚೀಲದಲ್ಲಿದಾವೆ.”

“ಎಲ್ಲೈತ್ರಿ ಮೇಡಂ? ನನಗೂ ತೋರಸ್ರಿ.”