ಭಾವನ ಕಂಪ್ಯೂಟರ್

ಭಾವನೇ ಏನಾದರೂ ಕಿತಾಪತಿ ಮಾಡುತ್ತಿದ್ದರೆ?

ಯೋಚನೆ ಬಂದದ್ದೇ ತಡ, ರಿಪೇರಿಯವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಕ್ಕನ ಗಂಡ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಪುಸ್ತಕ ಬರೆಯಲೆಂದೇ ಕೆಲಸ ಬಿಟ್ಟವರು. ತಮ್ಮ ಬರಹವನ್ನು ತಾವೇ ಯಾರು ಹಾಳು ಮಾಡಿಕೊಳ್ಳುತ್ತಾರೆ? ಆದರೆ ಮೇಜಿನ ಕೆಳಗಿದ್ದ, ತಾನೇ ಜೋಡಿಸಿಕೊಟ್ಟಿದ್ದ ಆ ಕಪ್ಪು ಪೆಟ್ಟಿಗೆಯಲ್ಲಿ ಅನುಮಾನಪಡಲು ಇನ್ನೇನೂ ಉಳಿದಿರಲಿಲ್ಲ. ಮೆಮೊರಿ ಬದಲಾಯಿಸಿದ್ದ. ಪವರ್ ಸಪ್ಲೈ ಬದಲಾಯಿಸಿದ್ದ. ಮದರ್‌ಬೋರ್ಡನ್ನೇ ಕಿತ್ತು ಹೊಸದು ಕೂರಿಸಿದ್ದ.

ತನ್ನ ಅಂಗಡಿಗೆ ಒಯ್ದಾಗಲೆಲ್ಲ ಅದು ಕುದುರೆಯ ಹಾಗೆ ಓಡುತ್ತಿತ್ತು. ಅನುಮಾನದ ಯಂತ್ರವನ್ನು ಪರೀಕ್ಷಿಸಲು ಅವನ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕ್ರಮ ಒಂದೇ: ಅದರ ಮಿದುಳಾದ ಪ್ರೊಸೆಸರಿನ ಮೇಲೆ ಭಾರೀ ಲೆಕ್ಕಗಳನ್ನು ಹೊರಿಸಿ, ಬಿಡುವು ಕೊಡದೆ ದುಡಿಸಿ, ಸುಸ್ತು ಮಾಡಿಸುವುದು. ಕೆಟ್ಟದ್ದಾದರೆ ಅಲ್ಲಿ ಬೀಳಲೇಬೇಕು. ಬೀಳುತ್ತಿರಲಿಲ್ಲ. ಮನೆಗೆ ಮರಳಿಸಿದ ಮರುದಿನವೇ ಅಕ್ಕನ ಫೋನು ಬರುತ್ತಿತ್ತು: "ಮತ್ತೆ ನಿಂತಿದೆ ಕಣೋ ನಿನ್ನ ಡಬ್ಬ."

ಅವಳು ಆಸ್ಪತ್ರೆಯಲ್ಲಿ ನರ್ಸು. ಗಂಡ ನೆಮ್ಮದಿಯಾಗಿ ಬರೆಯಲಿ ಎಂದು ಎರಡೆರಡು ಪಾಳಿ ದುಡಿಯುತ್ತಿದ್ದಳು. ಮನೆಗೆ ಬರುವಾಗ ಪರದೆ ಕಪ್ಪಾಗಿರುತ್ತಿತ್ತು, ಪೆಟ್ಟಿಗೆಯೊಳಗಿನ ಫ್ಯಾನು ಮಾತ್ರ ಗುಂಯ್ಗುಡುತ್ತಿತ್ತು, ಗಂಡ ತಲೆಯ ಮೇಲೆ ಕೈಹೊತ್ತು ಕೂತಿರುತ್ತಿದ್ದರು. ಅಂದು ಬರೆದದ್ದೆಲ್ಲ ಹೋಯಿತು ಎನ್ನುತ್ತಿದ್ದರು.

"ಏನಪ್ಪಾ ಸ್ಕ್ರೂಡ್ರೈವರ್ ಪಂಡಿತ, ಇವತ್ತು ಯಾವ ಅಂಗ ಕೊಯ್ತೀಯ?" ಭಾವ ಬಾಗಿಲಿಗೆ ಒರಗಿ ಕೇಳಿದರು.

"ಇದು ನಿಲ್ಲೋ ಹೊತ್ತಿಗೆ ನೀವು ಏನು ಮಾಡ್ತಿರ್ತೀರಿ ಭಾವ?"

"ಇನ್ನೇನು, ರಾಗಿ ಬೀಸ್ತಿರ್ತೀನಾ? ಬರೀತಿರ್ತೀನಿ. ವಾಕ್ಯದ ಮಧ್ಯದಲ್ಲೇ ಗಪ್ ಅಂತ ನಿಂತುಬಿಡತ್ತೆ."

"ಆಗಾಗ ಸೇವ್ ಮಾಡ್ಬಾರದಾ?"

"ಬರೆಯೋನ ಗಮನ ಮಾತಿನ ಮೇಲಿರತ್ತೆ, ಗುಂಡಿ ಮೇಲಲ್ಲ. ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡು."

ಅವನ ಕಿವಿ ಕಾದವು. "ನೀವೇ ಏನೋ ಮಾಡ್ತಿದೀರಿ ಇದಕ್ಕೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಡ್ಯೂಟಿಯ ಬಟ್ಟೆಯಲ್ಲೇ ಬಂದು ನಿಂತಳು.

"ಏನಂದೆ? ಇನ್ನೊಂದ್ಸಲ ಹೇಳು ನೋಡೋಣ."

ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ನಿನ್ನ ಡಬ್ಬ ಅವರ ಎರಡು ವರ್ಷ ನುಂಗಿ ಹಾಕಿದೆ. ತಪ್ಪು ಒಪ್ಕೊಳ್ಳೋದು ಬಿಟ್ಟು ಅವರ ಮೇಲೇ ಗೂಬೆ ಕೂರಿಸ್ತೀಯಾ? ಇವತ್ತು ಇದು ಸರಿಯಾಗ್ಲಿಲ್ಲ ಅಂದ್ರೆ ಈ ಮನೆ ಮೆಟ್ಟಿಲು ಹತ್ತಬೇಡ. ನಂಗೆ ತಮ್ಮನೇ ಇಲ್ಲ ಅಂದ್ಕೋತೀನಿ."

ಅಮ್ಮ ಹೋದಮೇಲೆ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳ ಬಾಯಿಂದ ಬಂದ ಮಾತು ಇದು. ಇಬ್ಬರೂ ಹೊರಗೆ ಹೋದರು. ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಅವನೊಬ್ಬನೇ ಉಳಿದ. ಈಗ ಯಂತ್ರ ಮುಟ್ಟಿದರೆ ಒಡೆದೇ ಹಾಕುತ್ತೇನೆ ಎನ್ನಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕೂತ. ಅಕ್ಕನ ಮೇಲೆ ಸಿಟ್ಟು, ಭಾವನ ಮೇಲೆ ಸಿಟ್ಟು, ಉಸಿರಾಡುತ್ತಾ ಸುಮ್ಮನಿದ್ದ ಆ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಪರದೆ ಮಂಕಾಯಿತು. ಆಮೇಲೆ ಕಪ್ಪಾಯಿತು. ಅವನು ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ಒಂದು ಕೀಲಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು ಒತ್ತಿದ. ಮೌಸ್ ಅಲ್ಲಾಡಿಸಿದ. ಫ್ಯಾನು ಗುಂಯ್ಗುಡುತ್ತಿತ್ತು, ಅಷ್ಟೇ.

ಅವನ ಕಣ್ಣೆದುರಿಗೇ ನಿಂತುಹೋಗಿತ್ತು.

ಅವನು ಕುರ್ಚಿಯಲ್ಲಿ ನೆಟ್ಟಗಾದ. ಯಾರೂ ಮುಟ್ಟದೆ ಬಿಟ್ಟಾಗ, ವಿದ್ಯುತ್ ಉಳಿಸಲೆಂದು ಪ್ರೊಸೆಸರ್ ಹಂತಹಂತವಾಗಿ ನಿದ್ದೆಗೆ ಜಾರುತ್ತದೆ. ಪರದೆಯೂ ಆರಿದಮೇಲೆ ತೀರಾ ಆಳಕ್ಕೆ ಇಳಿಯುತ್ತದೆ. ಈ ಪ್ರೊಸೆಸರಿಗೆ ಆ ಆಳದಿಂದ ಮೇಲೇಳಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಅವನು ಅದನ್ನು ಮಲಗಲು ಬಿಟ್ಟಿದ್ದರಲ್ಲವೇ ಗೊತ್ತಾಗುವುದು! ಯಂತ್ರವನ್ನು ಮತ್ತೆ ಚಾಲೂ ಮಾಡಿ, ಸೆಟ್ಟಿಂಗಿನೊಳಗೆ ಹೋಗಿ, ಆ ಗಾಢ ನಿದ್ದೆಯನ್ನು ರದ್ದು ಮಾಡಿದ. ಮತ್ತೆ ಕೈಕಟ್ಟಿ ಕೂತ. ಪರದೆ ಕಪ್ಪಾಯಿತು. ಕಾದು, ಕಾದು, ಕೀಲಿ ಒತ್ತಿದ. ಬೆಳಕು ಬಂತು. ಇನ್ನೊಮ್ಮೆ ಕಾದ. ಇನ್ನೊಮ್ಮೆ ಬಂತು.

ಭಾವ ಏನೂ ಮಾಡಿರಲಿಲ್ಲ. ಅವರ ಮೇಲೆ ಹಾರಿಬಿದ್ದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಇಬ್ಬರನ್ನೂ ಕರೆದ.

"ಇನ್ನು ನಿಲ್ಲೋದೇ ಇಲ್ವಾ?" ಭಾವ ಕೇಳಿದರು.

"ಇಲ್ಲ ಭಾವ."

"ಖಂಡಿತಾ?"

"ಬೆಳಗಿಂದ ಸಂಜೆವರೆಗೆ ಕೂತ್ಕೊಳ್ಳಿ, ನಿಲ್ಲಲ್ಲ."

ಭಾವ ಅಂಗೈಯಿಂದ ಮುಖ ಒರೆಸಿಕೊಂಡರು. ಅಕ್ಕ ನಗುತ್ತಿದ್ದಳು. "ಇನ್ನೇನು ರೀ, ನಾಳೆಯಿಂದಾನೇ ಶುರು ಮಾಡಿ." ಆಮೇಲೆ ತಮ್ಮನ ಕಡೆ ತಿರುಗಿದಳು. "ಏನಾಗಿತ್ತೋ ಇದಕ್ಕೆ?"

ಅವನು ಬಾಯಿ ತೆರೆದ. ಭಾವ ಅವನನ್ನೇ ನೋಡುತ್ತಿದ್ದರು. ತೆರೆದ ಬಾಯಿ ಹಾಗೇ ನಿಂತಿತು. ಇಳಿದಿದ್ದ ಸಿಟ್ಟು ದುಪ್ಪಟ್ಟಾಗಿ ಏರಿತು. ಅಕ್ಕನ ನಗು ಇನ್ನೂ ಮಾಸಿರಲಿಲ್ಲ.

"ಪ್ರೊಸೆಸರ್ ದೋಷ ಅಕ್ಕ. ನಾನೇ ತಂದು ಹಾಕಿದ್ದು. ನೋಡ್ಕೋಬೇಕಿತ್ತು."

"ಅಂದ್ರೆ ನಿಂದೇ ತಪ್ಪು."

"ಹೂಂ."

"ಕೇಳು ಅವರ ಹತ್ರ ಕ್ಷಮೆ."

ಹಲ್ಲು ಕಚ್ಚಿ ಕೇಳಿದ. ಭಾವ ಕಣ್ಣು ತಪ್ಪಿಸಿ ತಲೆಯಾಡಿಸಿದರು.

"ಹೊರಡು," ಎಂದಳು ಅಕ್ಕ. "ಎರಡು ವರ್ಷ ಕಣೋ! ಸದ್ಯಕ್ಕೆ ನಿನ್ನ ಮುಖ ನೋಡೋಕಾಗಲ್ಲ ನಂಗೆ."

ಅವನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಯಾರಾದರೂ ಬರೆಯುತ್ತಿರುವಷ್ಟು ಹೊತ್ತು ಆ ಯಂತ್ರ ನಿಲ್ಲಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಅವನು ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.