ನಮ್ಮ ಗೋಡೆಗೆ ಮೊದಲ ಮೊಳೆ

ಈಗಲೂ ಗೋಡೆಗೆ ಮೊಳೆ ಹೊಡೆದಾಗ ಉದುರುವ ಸುಣ್ಣದ ವಾಸನೆ ಮೂಗಿಗೆ ತಾಗಿದರೆ, ಬನಶಂಕರಿಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸಾಲ ತೀರುವವರೆಗೆ ಈ ಮನೆಯು ಸಾಲ ಕೊಟ್ಟ ಸೊಸೈಟಿಯದು, ಪರರ ಗೋಡೆಗೆ ಮೊಳೆ ಹೊಡೆಯುವುದು ಅಧರ್ಮ ಎಂಬುದು ಅಪ್ಪನ ಶಾಸನ. ಹಾಗಾಗಿ ನಮ್ಮ ಕ್ಯಾಲೆಂಡರ್ ವರ್ಷಗಟ್ಟಲೆ ಕಿಟಕಿಯ ಸರಳಿಗೆ ನೇತಾಡುತ್ತ, ಗಾಳಿ ಬೀಸಿದಾಗಲೆಲ್ಲ ತಿಂಗಳು ಬದಲಿಸುತ್ತಿತ್ತು. ಆ ವರ್ಷ ಫ್ಯಾಕ್ಟರಿಯವರು ಅಪ್ಪನನ್ನು ಕೆಲಸದಿಂದ ತೆಗೆದು, ಪರಿಹಾರವೆಂದು ಒಂದಿಷ್ಟು ಹಣ ಕೊಟ್ಟರು. ಟೀಚರಾಗಿದ್ದ ಅಮ್ಮ, "ನನ್ನ ಸಂಬಳದಲ್ಲಿ ಊಟ ನಡೆಯತ್ತೆ, ಕಂತು ನಡೆಯಲ್ಲ. ಇನ್ನೂ ಏಳು ವರ್ಷ ಯಾಕೆ ಕಾಯೋದು? ಈಗ್ಲೇ ತೀರಿಸಿಬಿಡೋಣ ರೀ" ಎಂದರು.

ಇಬ್ಬರೂ ಹೋಗಿ ಮನೆಪತ್ರ ಬಿಡಿಸಿಕೊಂಡು ಬಂದರು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚುವಷ್ಟರಲ್ಲಿ ನಾನು ಪಕ್ಕದ ಮನೆಯಿಂದ ಸುತ್ತಿಗೆ ತಂದಾಗಿತ್ತು. ಅಪ್ಪ ಪೂರ್ವಾಭಿಮುಖವಾಗಿ ನಿಂತು ಮೊದಲ ಏಟು ಕೊಟ್ಟರು. ಅಂಗೈಯಗಲ ಗಾರೆ ಕಳಚಿ ಬಿತ್ತು.

"ಅಯ್ಯೋ, ಗೋಡೆ ಹೋಯ್ತಲ್ಲೇ!"

"ಹೋಗ್ಲಿ ಬಿಡ್ರೀ, ನಮ್ಮದೇ ಗೋಡೆ. ಇನ್ನೊಂದು ಹೊಡೀರಿ!" ಎಂದು ಅಮ್ಮ ನಕ್ಕರು.

ಎರಡನೆಯ ಮೊಳೆ ನಿಂತಿತು. ನಾನು ಕುಣಿಯುತ್ತ ಕ್ಯಾಲೆಂಡರ್ ತಂದೆ. ಅಪ್ಪ ಒಳಗೆ ಹೋಗಿ, ದಿನವೂ ಫ್ಯಾಕ್ಟರಿಗೆ ಒಯ್ಯುತ್ತಿದ್ದ ಊಟದ ಚೀಲ ತಂದು, ಆ ಮೊಳೆಗೆ ನೇತುಹಾಕಿದರು. ಕ್ಯಾಲೆಂಡರಿಗೆಂದು ಅಮ್ಮ ಮೂರನೆಯ ಮೊಳೆ ಕೊಟ್ಟರು.