ಪುಕ್ಕಟೆ ಮಂದಿ

"ಪುಕ್ಕಟೆ ಸಿಕ್ಕರ ಫಿನಾಯಿಲ್ ಸೈತ ಕುಡಿಯೋ ಮಂದಿ ಇವರು!" ಶಿವಪ್ರಸಾದ್ ರೊಟ್ಟಿ ಮುರಿಯುತ್ತಾ ಹೇಳಿದ. "ದುಡಿಯೂದಿಲ್ಲ, ದುಃಖ ಪಡೂದಿಲ್ಲ. ದವಾಖಾನಿ ಖರ್ಚಿಗೂ ಸರ್ಕಾರದ ಮುಂದ ಕೈ ಒಡ್ಡತಾರ. ಯಾರ ರೊಕ್ಕ ಅದು? ನಮ್ಮ ಟ್ಯಾಕ್ಸ್, ಗುಂಡಪ್ಪಾ, ನಮ್ಮ ಟ್ಯಾಕ್ಸ್!"

"ಖರೇ ಬಿಡು," ಎಂದ ಗುಂಡಪ್ಪ, ಎಣ್ಣೆಗಾಯಿಯ ಪಾತ್ರೆಯನ್ನು ತನ್ನತ್ತ ಎಳೆದುಕೊಳ್ಳುತ್ತಾ. ಪಕ್ಕದಲ್ಲಿ ಅವನ ಹೆಂಡತಿ ಹರ್ಷಿತಾ ತಲೆಯಾಡಿಸಿದಳು. ಡಚ್ ನಾಡಿನ ರೈಸ್‌ವೈಕಿನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದ ಹುಬ್ಬಳ್ಳಿಯ ಈ ದಂಪತಿ ಭಾನುವಾರದ ಊಟಕ್ಕೆಂದು ಪಕ್ಕದೂರು ವೂರ್‌ಬರ್ಗಿನ ಶಿವಪ್ರಸಾದನ ಮನೆಗೆ ಬಂದಿದ್ದರು.

ಬಡಿಸುತ್ತಿದ್ದ ದೀಕ್ಷಾ ಗಂಡ ಶಿವಪ್ರಸಾದನ ಮುಖವನ್ನೊಮ್ಮೆ ನೋಡಿದಳು. ಕಂಪನಿ ಅವನನ್ನು ಮನೆಗೆ ಕಳಿಸಿ ಒಂದೂವರೆ ವರ್ಷವಾಗುತ್ತ ಬಂದಿತ್ತು. ನಿರುದ್ಯೋಗ ಭತ್ಯೆಯೂ ನಿಂತುಹೋಗಿತ್ತು. ಅವಳು ಬೇಕರಿಯಲ್ಲಿ ಅರ್ಧ ದಿನ ನಿಂತು ತರುವ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಹೊರಗಿನವರಿಗೆ ಮಾತ್ರ ಅವನು ಕನ್ಸಲ್ಟಂಟ್. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡು ಹೋಗಿ, ಲೈಬ್ರರಿಯಲ್ಲಿ ಕೂತು ಬರುವ ಕನ್ಸಲ್ಟಂಟ್.

ಬೇಸಿಗೆಯಿಂದ ದೀಕ್ಷಾಳ ಕೊರಳಲ್ಲಿ ಒಂದು ಗಂಟು ಬೆಳೆಯುತ್ತಿತ್ತು. ಫ್ಯಾಮಿಲಿ ಡಾಕ್ಟರು ಮುಟ್ಟಿ ನೋಡಿ, ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಇನ್ಶೂರನ್ಸ್ ಏನೋ ಇತ್ತು, ಆದರೆ ಆಸ್ಪತ್ರೆಯ ಖರ್ಚಿನಲ್ಲಿ ಮೊದಲ ಪಾಲು ರೋಗಿಯದೇ. ಆದಾಯ ಕಡಿಮೆ ಇರುವವರಿಗೆ ಆ ಪಾಲನ್ನೂ ತಾನೇ ನೋಡಿಕೊಳ್ಳುವ ಸೌಲಭ್ಯ ಖೆಮೇಂಟೆಯಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಇತ್ತು. ಗಂಡ ಹೆಂಡತಿ ಇಬ್ಬರೂ ಹೋಗಿ ಸಹಿ ಹಾಕಬೇಕು, ಅಷ್ಟೆ. ಶಿವಪ್ರಸಾದ್ ಒಮ್ಮೆ 'ಭಿಕ್ಷಾ ಅದು' ಎಂದ, ಇನ್ನೊಮ್ಮೆ 'ಮುಂದ ನೋಡೂಣು' ಎಂದ. ಗಂಟಿಗೆ ಅಷ್ಟು ತಾಳ್ಮೆ ಇರಲಿಲ್ಲ. ಈಗೀಗ ತುತ್ತು ನುಂಗುವಾಗ ಅಡ್ಡ ಬರುತ್ತಿತ್ತು.

"ಆ ಮಂದಿಗೆ ನಾಚಿಕಿ ಅನ್ನೂದ ಇಲ್ಲ ನೋಡು," ಶಿವಪ್ರಸಾದ್ ಇನ್ನೂ ಮುಗಿಸಿರಲಿಲ್ಲ.

"ಇಲ್ಲರಿ. ನನಗಂತೂ ಇಲ್ಲ." ದೀಕ್ಷಾ ರೊಟ್ಟಿ ಬುಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. "ಗುಂಡಪ್ಪನವರ, ನೀವು ಟ್ಯಾಕ್ಸ್ ಕಟ್ಟೂದು ಚಲೋ ಆತು. ನಾಳೆ ನಾನೂ ಆ ಪುಕ್ಕಟೆ ಮಂದಿ ಸಾಲಿನ್ಯಾಗ ನಿಂದ್ರಾಕಿ ಅದೀನಿ."

"ಏ, ಏನ ಮಾತಾಡಾಕತ್ತಿ?"

"ಇದ್ದದ್ದ ಹೇಳಾಕತ್ತೀನಿ. ನಿಮ್ಮ ಕೆಲಸ ಹೋಗಿ ಎಷ್ಟು ದಿನಾತು? ಈ ಮನೀಂದ ಟ್ಯಾಕ್ಸ್ ಹೋಗೂದಾದ್ರ ನಾ ಬ್ರೆಡ್ ಮಾರಿ ಕಟ್ಟೂದಷ್ಟ. ನನ್ನ ಕೊಳ್ಳಾಗ ಗಂಟು ಬೆಳ್ಯಾಕತ್ತೈತಿ, ನೀವು ಇಲ್ಲಿ ಕುಂತು ಭಾಷಣ ಬಿಗ್ಯಾಕತ್ತೀರಿ."

ಗುಂಡಪ್ಪ ತುತ್ತು ನುಂಗಿ, "ಎಣ್ಣಿಗಾಯಿ ಭಾಳ ಚಲೋ ಆಗ್ಯಾವ, ವೈನಿ," ಎಂದ. ಹರ್ಷಿತಾಳಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಬಡತನವೂ ನೆಗಡಿಯಂತೆ ಹತ್ತಿರ ಕೂತವರಿಗೆ ಅಂಟುತ್ತದೆಯೋ ಏನೋ, ಇಬ್ಬರೂ ಹೋಳಿಗೆಗೂ ಕಾಯದೆ ಕೋಟು ಹಾಕಿಕೊಂಡರು.

ಬಾಗಿಲು ಮುಚ್ಚಿತೋ ಇಲ್ಲವೋ, ಶಿವಪ್ರಸಾದ್ ತಿರುಗಿ ನಿಂತ. "ಇನ್ನ ಅವರ ಮುಂದ ನಾ ಹೆಂಗ ತಲಿ ಎತ್ತಲಿ?"

"ನಿಮ್ಮ ತಲಿ ಎಲ್ಲೂ ಹೋಗೂದಿಲ್ಲ. ನನ್ನ ಕೊಳ್ಳು ನೋಡ್ರಿ ಮೊದಲ." ಅವನ ಕೈ ಹಿಡಿದು ತನ್ನ ಕೊರಳಿಗೆ ಒತ್ತಿಕೊಂಡಳು. ಇಷ್ಟು ದಿನ ಒಮ್ಮೆಯೂ ಅವನು ಅದನ್ನು ಮುಟ್ಟಿರಲಿಲ್ಲ. ಲಿಂಬೆಹಣ್ಣಿನಷ್ಟು ದಪ್ಪವಾಗಿತ್ತು. ಅವಳು ಉಗುಳು ನುಂಗಿದಾಗ ಅದೂ ಮೇಲೆ ಕೆಳಗೆ ಸರಿಯಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

ಮರುದಿನ ಇಂಟರ್‌ವ್ಯೂಗೆ ಹೊಲಿಸಿದ್ದ ಸೂಟು ಹಾಕಿಕೊಂಡು ಅವಳ ಜೊತೆ ಖೆಮೇಂಟೆಗೆ ಬಂದ. ತಾನು ಎಂಥ ಇಂಜಿನಿಯರ್, ಎಂಥೆಂಥ ಪ್ರಾಜೆಕ್ಟ್ ಮಾಡಿದವನು, ಇದೆಲ್ಲ ಬರೀ ಸ್ವಲ್ಪ ದಿನದ ತೊಂದರೆ ಎನ್ನುವುದನ್ನು ಟ್ರಾಮಿನಲ್ಲಿ ದಾರಿಯುದ್ದಕ್ಕೂ ಡಚ್ಚಿನಲ್ಲಿ ಬಾಯಿಪಾಠ ಮಾಡಿದ್ದ. ಕೌಂಟರಿನ ಹುಡುಗಿ ಏನೂ ಕೇಳಲಿಲ್ಲ. ಅವನೇ ಶುರುಮಾಡಿದರೆ, "ಸರಿ ಸರ್, ಇಲ್ಲೊಂದು ಸಹಿ," ಎಂದು ಬೆರಳು ತೋರಿಸಿ ಮುಂದಿನವರನ್ನು ಕರೆದಳು.

"ಆಕಿ ಏನೂ ಕೇಳ್ಳೇ ಇಲ್ಲಲ್ಲ," ಎಂದ ಹೊರಗೆ ಬಂದು, ಅವಮಾನವಾದವನ ಹಾಗೆ.

"ನಿಮ್ಮ ಮರ್ಯಾದಿ ವಿಚಾರಿಸಾಕ ಆಕಿಗೆ ಪುರಸೊತ್ತಿಲ್ಲ," ಎಂದಳು ದೀಕ್ಷಾ.

ಸ್ಕ್ಯಾನ್ ಆಯಿತು, ಆಪರೇಷನ್ನೂ ಆಯಿತು. ಕೆಟ್ಟ ಗಂಟಲ್ಲ, ಆದರೆ ಇನ್ನಷ್ಟು ತಡವಾಗಿದ್ದರೆ ಉಸಿರಿನ ಕೊಳವೆಯನ್ನೇ ಒತ್ತುತ್ತಿತ್ತು ಎಂದರು ಸರ್ಜನ್. ಕೆಲವು ದಿನ ಮಾತಾಡದೆ ಗಂಟಲಿಗೆ ವಿಶ್ರಾಂತಿ ಕೊಡಿ ಎಂದು ಹೇಳಿ ಮನೆಗೆ ಕಳಿಸಿದರು.

ಸುದ್ದಿ ತಿಳಿದು ಗುಂಡಪ್ಪ, ಹರ್ಷಿತಾ ಸೇಬುಹಣ್ಣು ಹಿಡಿದುಕೊಂಡು ನೋಡಲು ಬಂದರು. ದೀಕ್ಷಾ ದಿಂಬಿಗೆ ಒರಗಿ ಕೂತಿದ್ದಳು. ಶಿವಪ್ರಸಾದ್ ತಾನೇ ಚಹಾ ಮಾಡಿ ತಂದುಕೊಟ್ಟು, ಕಾಲ ಮೇಲೆ ಕಾಲು ಹಾಕಿ ಕೂತ.

"ಖರ್ಚಿಗೆಲ್ಲ ಹೆಂಗ ಮಾಡಿದ್ಯೋ?" ಗುಂಡಪ್ಪ ದನಿ ತಗ್ಗಿಸಿ ಕೇಳಿದ.

"ಅದಕ್ಕೆಲ್ಲ ಇಲ್ಲೆ ವ್ಯವಸ್ಥಾ ಐತಲ್ಲ! ತಿಳಕೋಬೇಕಷ್ಟ. ನಾ ಎಲ್ಲಾ ಸ್ಟಡಿ ಮಾಡ್ದೆ. ಈಕಿಗೆ ಅಂಜಿಕಿ, ನಾಚಿಕಿ. ನಾನ ಕೈ ಹಿಡದು ಖೆಮೇಂಟೆಗೆ ಕರಕೊಂಡು ಹೋದೆ." ಶಿವಪ್ರಸಾದ್ ಚಹಾ ಗುಟುಕರಿಸಿದ. "ಭಿಕ್ಷಾ ಅಲ್ಲೋ ಗುಂಡಪ್ಪಾ, ಹಕ್ಕು ಅದು. ನಮ್ಮ ಮಂದಿಗೆ ಇದು ತಿಳಿಯೂದಿಲ್ಲ."

ದೀಕ್ಷಾ ಕೊರಳಿನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರು ಮಾತಾಡಬೇಡಿ ಎಂದಿದ್ದರು. ನಗಬೇಡಿ ಎಂದಿರಲಿಲ್ಲ. ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬರುವವರೆಗೂ ಅವಳು ಸದ್ದಿಲ್ಲದೆ ನಕ್ಕಳು.